ನಡತೆಗೆ ಬಿ

ರಾಘವನ ರಿಪೋರ್ಟ್ ಕಾರ್ಡ್ ಮನೆಗೆ ಬಂದ ಸಂಜೆ ಅಡುಗೆಮನೆಯಲ್ಲಿ ಹಸಿ ಬಟಾಣಿ ಅವರೆಕಾಳಿನ ಪಾತ್ರ ಮಾಡುತ್ತಿತ್ತು. ದೆಹಲಿಯ ಜನಕಪುರಿಯಲ್ಲಿ ಅವರೆಕಾಯಿ ಎಲ್ಲಿ ಸಿಗಬೇಕು? ಹಾಗಾಗಿ ಪ್ರತಿ ಚಳಿಗಾಲವೂ ಅವನಮ್ಮ ಸುಮಿತ್ರಾ ಬಟಾಣಿ ಹಾಕಿ ಹುಳಿ ಮಾಡುವುದು, ಅವಳ ಅತ್ತೆ ಸೀತಮ್ಮ ಮೊದಲ ತುತ್ತಿಗೇ ಮುಖ ಹಿಂಡುವುದು ನಡೆದೇ ಇತ್ತು.

"ಅಜ್ಜಿ, ಹೀರೋ ಡೇಟ್ಸ್ ಕೊಡಲಿಲ್ಲ. ಡೂಪ್ ಹಾಕಿ ಶೂಟಿಂಗ್ ಮುಗಿಸಿದಾರೆ, ಅಡ್ಜಸ್ಟ್ ಮಾಡ್ಕೊ," ಎಂದ ರಾಘವ.

ಹದಿನಾಲ್ಕು ವರ್ಷದ ರಾಘವನಿಗೆ ಎರಡು ಗಂಟಲಿದ್ದವು. ಒಂದು ಅವನದು, ಇನ್ನೊಂದು ಬೇಕಾದವರದು. ಹಾಲಿನ ಭಯ್ಯಾ, ಮೆಟ್ರೋದಲ್ಲಿ ಸ್ಟೇಷನ್ ಹೆಸರು ಹೇಳುವ ಹೆಂಗಸು, ತನ್ನ ಶಾಲೆಯ ಪ್ರಿನ್ಸಿಪಾಲ್, ಯಾರನ್ನು ಕೇಳಿದರೂ ಆ ಧ್ವನಿ ಹೊರಗೆ ತೆಗೆಯುತ್ತಿದ್ದ. ಪ್ರಿನ್ಸಿಪಾಲರಂತೆ ಮೂಗಿನಲ್ಲಿ "ದೇಖಿಯೇ, ದೇಖಿಯೇ" ಎಂದರೆ ಸೀತಮ್ಮ ಉಣ್ಣುವಾಗಲೇ ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು.

ಮಫ್ಲರ್ ಕೂಡ ಬಿಚ್ಚದೆ ರಾಘವನ ಅಪ್ಪ ಏಕನಾಥ ಕಾರ್ಡ್ ಓದಿದ. ಎರಡು ಸಾವಿರದ ಒಂಬತ್ತರ ಆ ಚಳಿಗಾಲ ಒಂಬತ್ತನೇ ಕ್ಲಾಸಿಗೆ ಹೊಸ ಪದ್ಧತಿ ಬಂದಿತ್ತು. ಗಣಿತ, ವಿಜ್ಞಾನದ ಜೊತೆಗೆ ಹುಡುಗನ ನಡತೆಗೂ ಗ್ರೇಡು. ಗುರುಗಳ ಬಗ್ಗೆ ಹೇಗಿದ್ದಾನೆ, ಸಹಪಾಠಿಗಳ ಜೊತೆ ಹೇಗಿದ್ದಾನೆ, ಮೌಲ್ಯಗಳು ಎಷ್ಟರ ಮಟ್ಟಿಗೆ ಇವೆ ಎಂದು ಕ್ಲಾಸ್ ಟೀಚರು ಬರೆಯಬೇಕು. ಅದಕ್ಕೆ ಇದ್ದದ್ದು ಮೂರೇ ದರ್ಜೆ. ಎ ಪ್ಲಸ್, ಎ, ಬಿ.

"ಮ್ಯಾಥ್ಸ್ ಎ ಒನ್, ಸೈನ್ಸ್ ಎ ಟೂ, ಶಭಾಶ್... ಇದೇನೋ ಇದು? ಮೌಲ್ಯ, ಬಿ?"

"ಬಿ ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನ್ರೀ?" ಸುಮಿತ್ರಾ ಒಳಗಿನಿಂದ ಕೇಳಿದಳು.

"ಇದರಲ್ಲಿ ಬಿ ಅಂದ್ರೆ ತಳ. ಅದರ ಕೆಳಗೆ ನೆಲ." ಅವನು ಪಕ್ಕದ ಸಾಲನ್ನು ಗಟ್ಟಿಯಾಗಿ ಓದಿದ. "ತಪ್ಪು ಒಪ್ಪಿಕೊಳ್ಳುವ ಧೈರ್ಯ ಇನ್ನೂ ಬರಬೇಕಾಗಿದೆ. ಯಾರಿದು ಬರೆದಿದ್ದು?"

ಬರೆದವಳು ಅಡುಗೆಮನೆಯಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ರಾಘವನ ಕ್ಲಾಸ್ ಟೀಚರ್ ಹರಿಣಿ ಏಕನಾಥನ ಸ್ವಂತ ತಂಗಿ. ಮೂವತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲೇ ಇದ್ದು ಆ ಸರ್ಕಾರಿ ಹುಡುಗರ ಶಾಲೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಗಣಿತ ಕಲಿಸುತ್ತಿದ್ದಳು. ಪ್ರತಿ ಮಾರ್ಚ್ ಕೊನೆಗೆ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು, ಮತ್ತೆ ಹೆಸರು ಬಂದರೆ ಕೆಲಸ. ಆ ಕೆಲಸ ಇರುವುದರಿಂದಲೇ ನೋಯ್ಡಾದ ಚಂದ್ರಮೋಹನ ಎಂಬ ಎರಡು ಮಕ್ಕಳ ವಿಧುರನ ಸಂಬಂಧಕ್ಕೆ "ಈಗ ಬೇಡ" ಎನ್ನಲು ಅವಳಿಗೆ ಬಾಯಿ ಇತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗಂತೂ ಚೆನ್ನಾಗಿ ಗೊತ್ತು.

"ನಾನೇ ಬರೆದೆ ಅಣ್ಣ," ಎಂದಳು ಹರಿಣಿ, ತುರಿಯುವುದನ್ನು ನಿಲ್ಲಿಸದೆ.

"ಮನೆಯಲ್ಲಿ ಪ್ರೀತಿ, ಸ್ಕೂಲಲ್ಲಿ ಪನಿಶ್‌ಮೆಂಟ್. ಅತ್ತೆ, ಡಬಲ್ ರೋಲ್ ಸೂಪರ್," ಎಂದ ರಾಘವ. ಯಾರೂ ನಗಲಿಲ್ಲ.

"ಯಾಕೆ ಅಂತ ಅವನನ್ನೇ ಕೇಳು ಅಣ್ಣ."

"ನಾನ್ಯಾಕೆ ಅವನನ್ನ ಕೇಳಲಿ? ವರದಿ ಬರೆದವಳು ನೀನು."

"ರಾಘು, ಬಿರ್ಜು ಅಪ್ಪನಿಗೆ ಪ್ರಿನ್ಸಿಪಾಲ್ ಧ್ವನಿಯಲ್ಲಿ ಫೋನ್ ಮಾಡಿದ್ದು ಯಾರು?"

ರಾಘವ ತಟ್ಟೆ ನೋಡಿದ. ಡೈಲಾಗ್ ಇಲ್ಲದ ರಾಘವನನ್ನು ಆ ಮನೆ ಅದೇ ಮೊದಲ ಸಲ ನೋಡಿತು.

ಬಿರ್ಜು ಅವನ ಕ್ಲಾಸಿನ ಹುಡುಗ. ಅವನಪ್ಪ ರಾಮಸರಣ್ ಈ ಗಲ್ಲಿಯಲ್ಲೇ ಗಾಡಿ ತಳ್ಳಿ ತರಕಾರಿ ಮಾರುವವನು. ದೀಪಾವಳಿಗೆ ಗಾಡಿಯ ಹಲಗೆಯ ಮೇಲೆ ತನ್ನ ಮೊಬೈಲ್ ನಂಬರ್ ಬರೆಸಿದ್ದ. ಆ ನಂಬರಿಗೆ ರಾಘವ ಒಂದು ಮಧ್ಯಾಹ್ನ ಬೂತಿನಿಂದ ಫೋನ್ ಮಾಡಿ, ಪ್ರಿನ್ಸಿಪಾಲರ ಮೂಗಿನಲ್ಲಿ, ನಿಮ್ಮ ಮಗ ಲ್ಯಾಬ್‌ನಲ್ಲಿ ಕದ್ದು ಸಿಕ್ಕಿಬಿದ್ದಿದ್ದಾನೆ, ನಾಳೆಯಿಂದ ಕಳಿಸಬೇಡಿ ಎಂದಿದ್ದ. ಪಕ್ಕದಲ್ಲಿ ನಾಲ್ಕು ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ರಾಮಸರಣ್ ನಗಲಿಲ್ಲ. ಮನೆಗೆ ಹೋದವನು ತಕ್ಕಡಿಯ ಕಬ್ಬಿಣದ ದಂಡಿಗೆಯಿಂದ ಮಗನನ್ನು ಹೊಡೆದ. ಬಿರ್ಜು ಅಡ್ಡ ಹಿಡಿದ ಕೈಯ ಮೂಳೆ ಮುರಿಯಿತು. ಹುಡುಗ ಶಾಲೆಗೆ ಬರದಿದ್ದಾಗ ಹರಿಣಿ ವಿಚಾರಿಸಲು ಹೋಗಿದ್ದಳು. ಫೋನಿನಲ್ಲಿ ಏನಂದರು ಎಂದು ಕೇಳಿದ್ದಕ್ಕೆ ರಾಮಸರಣ್ "ದೇಖಿಯೇ, ದೇಖಿಯೇ" ಎಂದಿದ್ದ. ಪ್ರಿನ್ಸಿಪಾಲ್ ಯಾವ ತಂದೆಗೂ ತಾವಾಗಿ ಫೋನ್ ಮಾಡುವವರಲ್ಲ. ಹರಿಣಿಗೆ ಅಲ್ಲೇ ಗೊತ್ತಾಗಿಹೋಗಿತ್ತು.

"ತಮಾಷೆಗೆ ಮಾಡಿದ್ದು," ಎಂದ ರಾಘವ.

"ಯಾರಿಗೆ ತಮಾಷೆ?"

"ಹೊಡೀತಾರೆ ಅಂತ ನಂಗೇನು ಗೊತ್ತಿತ್ತು ಯಾರ್..."

"ಅತ್ತೆಗೆ ಯಾರ್ ಅಂತೀಯೇನೋ, ಅವಳೇನು ನಿನ್ನ ದೋಸ್ತಾ!" ಎಂದು ಸುಮಿತ್ರಾ ಗದರಿದಳು. ಆ ಹೊತ್ತಿಗೆ ಅವಳಿಗೆ ಗದರಲು ಸಿಕ್ಕಿದ್ದು ಅದೊಂದೇ.

ಏಕನಾಥ ಕುರ್ಚಿ ಎಳೆದು ಕೂತ. "ಸರಿ, ತಪ್ಪೇ. ಮನೆಯಲ್ಲಿ ಎರಡು ಬಾರಿಸಬೇಕಿತ್ತು. ಕಾರ್ಡಿಗೆ ಯಾಕೆ ತಂದೆ?"

"ಪ್ರಿನ್ಸಿಪಾಲರಿಗೆ ಹೇಳಿದ್ದರೆ ಇವನ ಹೆಸರೇ ಹೊಡೆದುಹಾಕ್ತಿದ್ದರು. ಹೇಳಿಲ್ಲ. ರಾಮಸರಣ್ ಮುಂದೆ ನಿಂತು ನಾನೇ ಮಾಡಿದ್ದು ಅಂತ ಇವನು ಹೇಳಲಿ. ಮಾರ್ಚ್ ಕಾರ್ಡಲ್ಲಿ ನಾನೇ ಎ ಪ್ಲಸ್ ಬರೀತೀನಿ."

"ಹೇಳಿದರೆ ಆತ ಪೊಲೀಸಿಗೆ ಹೋಗಲ್ವಾ? ಮುಂದೆ ಸೈನ್ಸ್ ಯಾರು ಕೊಡ್ತಾರೆ ಇವನಿಗೆ?"

"ಮಗು ಕಣೇ ಅದು," ಎಂದರು ಸೀತಮ್ಮ.

"ಬಿರ್ಜು ಏನಮ್ಮಾ? ಅವನಿಗೂ ಹದಿನಾಲ್ಕೇ."

ಸೀತಮ್ಮ ಹುಳಿಯನ್ನು ದೂಷಿಸದೆ ಉಂಡು ಎದ್ದರು.

ಮರುದಿನದಿಂದ ಸುಮಿತ್ರಾ ತರಕಾರಿಗೆ ಮುಖ್ಯರಸ್ತೆ ದಾಟಿ ಹೋಗತೊಡಗಿದಳು. ಮಂಜು ಕವಿದ ಬೆಳಿಗ್ಗೆ ರಾಮಸರಣ್ ಕೆಳಗೆ ನಿಂತು "ಗಾಜರ್, ಮೇಥಿ, ಮಟರ್" ಎಂದು ಕೂಗಿದರೆ ಅವಳು ಕುಕ್ಕರಿನ ಸೀಟಿ ಎಣಿಸುವವಳಂತೆ ಒಲೆಯ ಮುಂದೆ ನಿಂತುಬಿಡುತ್ತಿದ್ದಳು. ಒಂದು ದಿನ ಚೀಲ ಹೊತ್ತು ಬರುವಾಗ ಎದುರಿಗೇ ಸಿಕ್ಕಿಬಿದ್ದಳು.

"ಬೆಹೆನ್‌ಜೀ, ನಾರಾಜ್ ಹೋ ಕ್ಯಾ? ಸಿಟ್ಟಾ ನನ್ನ ಮೇಲೆ? ನನ್ನ ತೂಕದಲ್ಲಿ ಏನಾದರೂ ಮೋಸ ಆಯ್ತಾ?"

"ಇಲ್ಲ ಭಯ್ಯಾ, ಇಲ್ಲ... ನಮ್ಮವರು ಆಫೀಸ್ ಕಡೆಯಿಂದ ತಂದುಬಿಡ್ತಾರೆ."

ಅವನು ಅವಳ ಕೈಯಲ್ಲಿದ್ದ ಚೀಲದಿಂದ ಇಣುಕುತ್ತಿದ್ದ ಮೂಲಂಗಿ ಸೊಪ್ಪು ನೋಡಿದ. ಗಾಡಿ ತಳ್ಳಿಕೊಂಡು ಮುಂದೆ ಹೋದ. ಮನೆಗೆ ಬಂದು ಸುಮಿತ್ರಾ ಹರಿಣಿಯ ಮೇಲೆ ಹರಿಹಾಯ್ದಳು.

"ನಿನ್ನಿಂದ ನಾನು ತರಕಾರಿಯವನಿಗೂ ಸುಳ್ಳು ಹೇಳೋ ಹಾಗಾಯ್ತು!"

"ನನ್ನಿಂದ ಅತ್ತಿಗೆ?"

"ಮತ್ತಿನ್ಯಾರಿಂದ? ನಿನಗೆ ಗೊತ್ತಾಗದೇ ಇದ್ದಿದ್ರೆ ನಮಗೂ ಗೊತ್ತಾಗ್ತಿರಲಿಲ್ಲ."

ಹರಿಣಿಯೂ ಅವನಿಗೆ ಸುಳ್ಳು ಹೇಳಿದ್ದಳು. ಫೋನು ಖೋಟಾ, ನಿಮ್ಮ ಮಗ ಕದ್ದಿಲ್ಲ ಎಂದು ಅವಳು ಹೇಳಿದಾಗ ರಾಮಸರಣ್ ಬಹಳ ಹೊತ್ತು ತಲೆ ಹಿಡಿದು ಕೂತಿದ್ದ. ಆಮೇಲೆ "ಯಾರು ಮಾಡಿದ್ದು ಮೇಡಮ್?" ಎಂದು ಕೇಳಿದ್ದ. ಅವಳು "ಗೊತ್ತಿಲ್ಲ" ಎಂದಿದ್ದಳು. ಬಿರ್ಜು ಗೋಡೆಗೆ ಮುಖ ಮಾಡಿ ಮಲಗಿದ್ದ. ಶಾಲೆಯಲ್ಲಿ ಎಲ್ಲರೂ ಕಳ್ಳ ಅಂತಾರೆ, ನಾನು ಬರಲ್ಲ ಎಂದ.

"ಯಾರೂ ಅನ್ನಲ್ಲ. ನಾನೇ ಕೈ ಹಿಡಿದು ಕ್ಲಾಸಿಗೆ ಕರಕೊಂಡು ಹೋಗ್ತೀನಿ. ಪ್ಲಾಸ್ಟರ್ ಬಿಚ್ಚಲಿ, ಹೊಸ ಕ್ಲಾಸ್ ಶುರುವಾಗಲಿ," ಎಂದು ಅವಳು ಮಾತು ಕೊಟ್ಟು ಬಂದಿದ್ದಳು. ವರ್ಷ ಹೋದರೂ ಏಪ್ರಿಲ್‌ನಲ್ಲಿ ಮತ್ತೆ ಒಂಬತ್ತಕ್ಕೇ ಕೂರಿಸಬಹುದು ಎಂದು ಲೆಕ್ಕ ಹಾಕಿದ್ದಳು. ಹೆಸರು ಹೊಡೆಯದಂತೆ ಹಾಜರಿಯಲ್ಲಿ ವೈದ್ಯಕೀಯ ರಜೆ ಬರೆದಿದ್ದಳು.

ಪ್ಲಾಸ್ಟರ್ ಬಿಚ್ಚಿದ್ದಾಯಿತು. ಬಿರ್ಜು ಬರಲಿಲ್ಲ. ರಾಘವ ಹೇಳಲೂ ಇಲ್ಲ.

"ಅತ್ತೆ, ಪಕ್ಕಾ ಹೇಳ್ತೀನಿ. ಎಕ್ಸಾಮ್ ಮುಗೀಲಿ," ಎನ್ನುತ್ತಿದ್ದ ಮೆಟ್ಟಿಲ ಮೇಲೆ ಸಿಕ್ಕಾಗ.

"ಬಿರ್ಜು ಎಕ್ಸಾಮ್ ಬರೀತಿಲ್ಲ, ಗೊತ್ತಾ?"

"ಕ್ಲೈಮ್ಯಾಕ್ಸಲ್ಲಿ ಎಲ್ಲಾ ಸರಿ ಹೋಗುತ್ತೆ ಅತ್ತೆ."

ಇಷ್ಟರಲ್ಲಿ ಏಕನಾಥ ತನ್ನ ಮಟ್ಟಿಗೆ ಕ್ಲೈಮ್ಯಾಕ್ಸ್ ಬರೆಯುತ್ತಿದ್ದ. ಅವನು ಒಂದು ಸಚಿವಾಲಯದಲ್ಲಿ ಗುಮಾಸ್ತ. ನೌಕರರ ವಾರ್ಷಿಕ ಗೌಪ್ಯ ವರದಿಗಳನ್ನು, ಆಫೀಸಿನವರ ಬಾಯಲ್ಲಿ ಸಿ.ಆರ್.ಗಳನ್ನು, ನೋಡಿಕೊಳ್ಳುವುದೇ ಅವನ ಸೀಟು. ಹಿಂದೊಮ್ಮೆ ಮೇಲಧಿಕಾರಿ ಅವನ ವರದಿಯಲ್ಲಿ "ವೆರಿ ಗುಡ್" ಬದಲು ಬರೀ "ಗುಡ್" ಎಂದು ಬರೆದಿದ್ದಕ್ಕೆ ಬಡ್ತಿ ತಪ್ಪಿತ್ತು. ವರದಿಯ ಒಂದು ಅಕ್ಷರ ಮನುಷ್ಯನ ಬೆನ್ನ ಮೇಲೆ ಜೀವನವಿಡೀ ಕೂತಿರುತ್ತದೆ ಎಂದು ಅವನು ನಂಬಿದ್ದ. ಪ್ರತಿಕೂಲ ಷರಾ ಬಂದರೆ ಮನವಿ ಸಲ್ಲಿಸಬೇಕು, ಅವಧಿಯೊಳಗೆ ಸಲ್ಲಿಸಬೇಕು. ಇದು ಅವನಿಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ.

ಜನವರಿಯ ಒಂದು ಭಾನುವಾರ ತಿಂಡಿಗೆ ಎಲ್ಲರೂ ಕೂತಿದ್ದಾಗ ಇಂಗ್ಲಿಷಿನಲ್ಲಿ ಬರೆದ ಮನವಿಯನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದ. ಉಪ್ಪಿಟ್ಟು ಆರುತ್ತಿತ್ತು.

"ಸದರಿ ವಿದ್ಯಾರ್ಥಿಯ ವರದಿಯನ್ನು ಬರೆದ ಶಿಕ್ಷಕಿಯು ವಿದ್ಯಾರ್ಥಿಯ ತಂದೆಯ ಸ್ವಂತ ತಂಗಿಯಾಗಿದ್ದು, ಒಂದೇ ಮನೆಯಲ್ಲಿ ವಾಸವಾಗಿರುತ್ತಾರೆ. ರಕ್ತಸಂಬಂಧಿಯು ಬರೆದ ವರದಿಯು ನಿಯಮಾನುಸಾರ ಊರ್ಜಿತವಲ್ಲವಾದ್ದರಿಂದ..."

"ಅಣ್ಣಾ!" ಹರಿಣಿಯ ಕೈಯಲ್ಲಿದ್ದ ಲೋಟ ಮೇಜಿಗೆ ತಗಲಿತು. "ಇದರಲ್ಲಿ ನನ್ನ ಹೆಸರಿದೆ."

"ಹೆಸರಲ್ಲ, ಹುದ್ದೆ. ನೀನು ಬರೆದಿದ್ದು ಸುಳ್ಳು ಅಂತ ನಾನು ಎಲ್ಲೂ ಹೇಳಿಲ್ಲ ನೋಡು. ಫೋನಿನ ಮಾತೇ ಇಲ್ಲ. ಟೆಕ್ನಿಕಲ್ ಗ್ರೌಂಡ್. ವರದಿ ಬಿದ್ದುಹೋಗುತ್ತೆ, ಯಾರಿಗೂ ಕಳಂಕ ಇಲ್ಲ." ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿತ್ತು. "ಬೇರೆ ಯಾರಾದರೂ ಆಗಿದ್ದರೆ ಆ ಶಿಕ್ಷಕಿಯ ಮೇಲೇ ಎಳೀತಿದ್ದರು. ನಿನ್ನನ್ನ ಉಳಿಸಿದೀನಿ."

"ಸಂಬಂಧ ಇದೆ ಅಂತ ಪ್ರಿನ್ಸಿಪಾಲರಿಗೆ ನಾನು ಬಾಯಲ್ಲಿ ಹೇಳಿದ್ದೆ. ನಡೆಯುತ್ತೆ, ಮ್ಯಾಥ್ಸ್ ಟೀಚರ್ ಬೇರೆ ಇಲ್ಲ ಅಂದಿದ್ದರು. ಬರವಣಿಗೆಯಲ್ಲಿ ಇಲ್ಲ. ಇದು ಮೇಲಕ್ಕೆ ಹೋದರೆ ಅವರು ನನ್ನ ಪರ ನಿಲ್ತಾರಾ? ಮಾರ್ಚ್‌ನಲ್ಲಿ ನನ್ನ ಕಾಂಟ್ರ್ಯಾಕ್ಟ್ ಇದೆ ಅಣ್ಣ."

"ಮೇಲೆ ಯಾಕೆ ಹೋಗುತ್ತೆ? ಪ್ರಿನ್ಸಿಪಾಲರಿಗೆ ಮನವಿ, ಶಿಕ್ಷಣ ನಿರ್ದೇಶನಾಲಯಕ್ಕೆ ಬರೀ ಪ್ರತಿ. ಪ್ರತಿಯನ್ನ ಯಾರೂ ಓದಲ್ಲ. ಇಪ್ಪತ್ತು ವರ್ಷದಿಂದ ಫೈಲು ನೋಡಿದೀನಿ ನಾನು."

"ಇವನು ಹೋಗಿ ಒಂದು ಮಾತು ಹೇಳಿಬಿಟ್ಟರೆ ಇದ್ಯಾವುದೂ ಬೇಡ."

ಎಲ್ಲರೂ ರಾಘವನನ್ನು ನೋಡಿದರು. ರಾಘವ ಅಪ್ಪನನ್ನು ನೋಡಿದ.

"ಅವನು ಎಲ್ಲಿಗೂ ಹೋಗಲ್ಲ," ಎಂದ ಏಕನಾಥ. "ನೀನು ಹುಡುಗನಿಗೆ ಧೈರ್ಯ ಕಲಿಸ್ತೀಯ. ನಾನು ಬದುಕೋದು ಕಲಿಸ್ತೀನಿ."

"ಊಟದ ಮನೇಲಿ ಕೋರ್ಟು ಯಾಕ್ರೋ ನಡೆಸ್ತೀರಾ?" ಎಂದರು ಸೀತಮ್ಮ. "ಹರಿಣಿ, ಅಣ್ಣ ನಿನಗೆ ಕೆಟ್ಟದ್ದು ಬಯಸ್ತಾನೇನೇ?"

"ಬಯಸಲ್ಲಮ್ಮ. ಅದೇ ಭಯ."

ಸೋಮವಾರ ಮನವಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.

ಪ್ರತಿಯನ್ನು ಯಾರೋ ಓದಿದರು. ಫೆಬ್ರವರಿ ಮೂರನೇ ವಾರ ಶಾಲೆಗೆ ಪ್ರಶ್ನೆ ಬಂತು. ಶಿಕ್ಷಕಿ ಮತ್ತು ವಿದ್ಯಾರ್ಥಿ ಸಂಬಂಧಿಗಳೆಂಬುದು ನಿಜವೇ? ನಿಜವಾದರೆ ಈ ಸಂಗತಿಯನ್ನು ಮುಚ್ಚಿಟ್ಟವರು ಯಾರು? ಪ್ರಿನ್ಸಿಪಾಲ್ ಹರಿಣಿಯನ್ನು ಕರೆಸಿದರು. ಕೂರಲು ಹೇಳಲಿಲ್ಲ.

"ಸರ್, ಜುಲೈಯಲ್ಲಿ ನಿಮಗೆ ಹೇಳಿದ್ದೆ. ಈ ಕೋಣೆಯಲ್ಲೇ."

"ದೇಖಿಯೇ, ದೇಖಿಯೇ. ನನಗೆ ಅಂಥದ್ದೇನೂ ನೆನಪಿಲ್ಲ."

"ನೀವು ನಕ್ಕು, ಮನೆಪಾಠದ ಖರ್ಚು ಉಳೀತು ಅಂದಿರಿ."

"ಬರವಣಿಗೆಯಲ್ಲಿ ಕೊಟ್ಟಿದ್ದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಸ್ವಲ್ಪ ಮೆತ್ತಗಾದರು. ಎರಡು ವರ್ಷದಲ್ಲಿ ಅವರ ನಿವೃತ್ತಿಯಿತ್ತು. "ಮೇಡಮ್, ನೀವು ಒಳ್ಳೇ ಟೀಚರ್. ಆದರೆ ದೂರು ಕೊಟ್ಟಿದ್ದು ನಿಮ್ಮ ಮನೆಯವರೇ. ನಾನೇನು ಮಾಡಲಿ?"

ಅಂದು ಹರಿಣಿ ಮನೆಗೆ ಬಂದಾಗ ಸುಮಿತ್ರಾ ಚಪಾತಿ ಲಟ್ಟಿಸುತ್ತಿದ್ದಳು. ಹರಿಣಿ ಸೀರೆ ಬದಲಿಸದೆ ಒಲೆಯ ಮುಂದೆ ನಿಂತು ಚಪಾತಿ ಬೇಯಿಸತೊಡಗಿದಳು. ಏಕನಾಥ ಬಂದ ಮೇಲೆ ಅವನ ತಟ್ಟೆಗೆ ಬಡಿಸುತ್ತಲೇ ನಡೆದದ್ದನ್ನು ಹೇಳಿದಳು. ಒಂದು ಚಪಾತಿ ಕರಕಾಯಿತು.

"ಹಾಗೆ ಮಾಡೋ ಹಾಗಿಲ್ಲ," ಎಂದ ಏಕನಾಥ. "ಪ್ರೊಸೀಜರ್ ಹಾಗಿಲ್ಲ. ವರದಿ ರದ್ದು ಮಾಡಬೇಕು ಅಷ್ಟೇ. ವರದಿ ಬರೆದ ಅಧಿಕಾರಿಯನ್ನ ಯಾರೂ ಮುಟ್ಟಲ್ಲ."

"ನಾನು ಅಧಿಕಾರಿ ಅಲ್ಲ ಅಣ್ಣ. ನಿಮ್ಮ ಆಫೀಸಲ್ಲಿ ಎಲ್ಲರೂ ಪರ್ಮನೆಂಟು. ಅವರ ಮೇಲೆ ಕಾಗದ ಹಾಕಿದರೆ ಕಾಗದಕ್ಕೆ ಕಾಗದ ಬರುತ್ತೆ. ನನ್ನ ಮೇಲೆ ಹಾಕಿದರೆ ನಾನೇ ಇರಲ್ಲ."

ಏಕನಾಥ ಚಪಾತಿ ಮುರಿದ. ಬಾಯಿಗಿಡಲಿಲ್ಲ. ಇಪ್ಪತ್ತು ವರ್ಷದ ಫೈಲುಗಳಲ್ಲಿ ಒಬ್ಬ ಕಾಂಟ್ರ್ಯಾಕ್ಟ್ ನೌಕರನ ಫೈಲೂ ಅವನ ಮೇಜಿಗೆ ಬಂದಿರಲಿಲ್ಲ. ಅಂಥವರಿಗೆ ಫೈಲೇ ಇರುವುದಿಲ್ಲ.

"ನಾನು ಹೋಗಿ ಮಾತಾಡ್ತೀನಿ," ಎಂದ ಕೊನೆಗೆ.

ಹೋಗಿಯೂ ಹೋದ. ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಕೋಟು ತೊಟ್ಟು ನಿರ್ದೇಶನಾಲಯಕ್ಕೆ ಹೋಗಿ, ಮನವಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಕೇಳಿದ. ಬಂದ ಮನವಿ ವಾಪಸ್ ಹೋಗುವುದಿಲ್ಲ ಎಂದು ಅಲ್ಲಿನ ಗುಮಾಸ್ತ ವಿವರಿಸಿ ಕಳಿಸಿದ.

ಮಾರ್ಚ್ ಕೊನೆಯ ದಿನ ಎರಡೂ ಬಂದವು. ರಾಘವ ಹೊಸ ಕಾರ್ಡ್ ತಂದ. ಮೌಲ್ಯದ ಎದುರು ಎ. ಷರಾ, "ವಿನಯಶೀಲ ಮತ್ತು ಪ್ರಾಮಾಣಿಕ." ಸಹಿ ಬೇರೆ ಯಾರದ್ದೋ, ಅವನಿಗೆ ಒಂದು ದಿನವೂ ಪಾಠ ಮಾಡದ ಡ್ರಿಲ್ ಮೇಷ್ಟ್ರದು. ಹರಿಣಿ ಖಾಲಿ ಕೈಯಲ್ಲಿ ಬಂದಳು. ಮುಂದಿನ ವರ್ಷಕ್ಕೆ ಮುಂದುವರಿಸಿದ ಶಿಕ್ಷಕರ ಹೆಸರುಗಳನ್ನು ಸ್ಟಾಫ್ ರೂಮಿನಲ್ಲಿ ಅಂಟಿಸಿದ್ದರು. ಅವಳದ್ದು ಇರಲಿಲ್ಲ.

"ನಾನು ಬರೆದುಕೊಡ್ತೀನಿ," ಎಂದ ಏಕನಾಥ. ಅವನ ಧ್ವನಿ ಇಷ್ಟು ಸಣ್ಣದಾಗಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಒಳ್ಳೇ ಗ್ರೌಂಡ್ ಇದೆ. ನಿನಗೆ ನೋಟಿಸೇ ಕೊಟ್ಟಿಲ್ಲ. ಒಂದು ಮನವಿ..."

"ಬೇಡಣ್ಣ."

"ಹರಿಣಿ, ನಾನು ನಿನ್ನ ಮೇಲೆ..."

"ಗೊತ್ತು. ಬರೆಯೋದು ಮಾತ್ರ ಬೇಡ. ಕೈ ಮುಗೀತೀನಿ."

ಸುಮಿತ್ರಾ ಎರಡು ದಿನ ಕಾದಳು. ಮೂರನೆಯ ದಿನ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ, ಒಗ್ಗರಣೆಯ ಸದ್ದಿನಲ್ಲೇ ಹೇಳಿದಳು, "ನೋಯ್ಡಾದವರು ಭಾನುವಾರ ಬರಲಾ ಅಂತ ಕೇಳ್ತಿದಾರೆ. ಬರೀ ನೋಡಿಕೊಂಡು ಹೋಗ್ತಾರೆ."

"ಬರಲಿ," ಎಂದಳು ಹರಿಣಿ.

ಸೀತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಒಪ್ಪಿದಳೆಂದೋ ಏನೋ ಅವರಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರು ಕೇಳಬೇಕೆಂದಿದ್ದ ಮಾತು ಅದೇ ಆಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರಾಘವ ಚಪ್ಪಲಿ ಮೆಟ್ಟಿಕೊಂಡ. "ಎಲ್ಲಿಗೋ?" ಎಂದು ಏಕನಾಥ ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದ.

ರಾಮಸರಣ್ ಪಾರ್ಕಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಬೆಂಡೆಕಾಯಿಗೆ ನೀರು ಚಿಮುಕಿಸುತ್ತಿದ್ದ. ಸಂಜೆಯಾದರೂ ಬಿಸಿಲಿನ ಝಳ ಇಳಿದಿರಲಿಲ್ಲ. ರಾಘವ ಮೂರು ತಿಂಗಳು ಮನಸ್ಸಿನಲ್ಲೇ ರಿಹರ್ಸಲ್ ಮಾಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಂಕಲ್, ಆ ಫೋನ್... ಅದು ನಾನು."

ರಾಮಸರಣ್ ಕೈ ನಿಲ್ಲಿಸಿದ. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹುಡುಗ ಹೊಡೆತಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದ್ದ. ಹೊಡೆತ ಬೀಳಲಿಲ್ಲ.

"ನೀನು ಮೇಡಮ್ ಮನೆಯ ಹುಡುಗ ಅಲ್ವಾ?"

"ಹ್ಞೂಂ."

"ಮೇಡಮ್‌ಗೆ ಗೊತ್ತಿತ್ತಾ?"

ರಾಘವ ಹೌದೆಂದು ತಲೆಯಾಡಿಸಿದ. ರಾಮಸರಣ್ ನೀರಿನ ಮಗ್ಗನ್ನು ಗಾಡಿಯ ಮೇಲಿಟ್ಟು ಒದ್ದೆ ಕೈಯಿಂದ ಮುಖ ಒರೆಸಿಕೊಂಡ.

"ಫೋನ್ ನೀನು ಮಾಡಿದೆ. ಸರಿ. ಹೊಡೆದಿದ್ದು ನಾನು," ಎಂದ ಹಿಂದಿಯಲ್ಲಿ, ನಿಧಾನವಾಗಿ. "ಮೈನೇ ಪೂಛಾ ತಕ್ ನಹೀಂ. ಮಗನನ್ನ ಒಂದು ಮಾತು ಕೇಳಲೇ ಇಲ್ಲ."

"ಬಿರ್ಜುನ ನಾಳೆಯಿಂದ ಕಳಿಸಿ ಅಂಕಲ್. ಹೊಸ ಕ್ಲಾಸ್ ಶುರುವಾಗಿದೆ. ಅವನು ಕದ್ದಿಲ್ಲ ಅಂತ ಎಲ್ಲರ ಮುಂದೆ ನಾನೇ ಹೇಳ್ತೀನಿ. ಅಸೆಂಬ್ಲಿಯಲ್ಲಿ ಹೇಳ್ತೀನಿ."

"ಅವನು ಒಬ್ಬನೇ ಬರಲ್ಲ ಅಂತಾನೆ. ಮೇಡಮ್ ಕೈ ಹಿಡಿದು ಕರಕೊಂಡು ಹೋಗ್ತೀನಿ ಅಂದಿದಾರಲ್ಲ, ಅವರು ಬಂದರೆ ಬರ್ತಾನಂತೆ." ರಾಮಸರಣ್ ಶಾಲೆಯ ದಿಕ್ಕಿಗೆ ನೋಡಿದ. "ಎರಡು ದಿನದಿಂದ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ನೋಡ್ತಿದೀನಿ. ಕಾಣಲಿಲ್ಲ. ಮೇಡಮ್ ಇದಾರಾ?"

ರಾಘವ ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಹರಿಣಿ ಬಡಿಸುತ್ತಿದ್ದಳು.

"ಹೇಳಿದೆ," ಎಂದ ಅವನು.

ಏಕನಾಥ ತಟಕ್ಕನೆ ಎದ್ದ. "ಏನು ಹೇಳಿದೆಯೋ? ಯಾರಿಗೆ? ಎಲ್ಲಾ ಮುಗಿದ ಮೇಲೆ..."

"ಅಣ್ಣ, ಕೂತ್ಕೋ," ಎಂದಳು ಹರಿಣಿ. ರಾಘವನ ಕಡೆ ತಿರುಗಿದಳು. "ಏನಂದರು?"

"ಬಿರ್ಜು ನಿಮ್ಮ ಜೊತೆ ಆದರೆ ಬರ್ತಾನಂತೆ. ನೀವು ಸ್ಕೂಲಲ್ಲಿ ಇದೀರಾ ಅಂತ ಕೇಳಿದರು."

"ನೀನೇನಂದೆ?"

"ಏನೂ ಹೇಳಲಿಲ್ಲ. ಬಂದುಬಿಟ್ಟೆ."

ಹರಿಣಿ ಅವನ ತಟ್ಟೆ ಇಟ್ಟಳು, ಅನ್ನ ಹಾಕಿದಳು, ಸಾರು ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ತನಕ ಹೋದಳು. ಚಪ್ಪಲಿಯಲ್ಲಿ ಒಂದು ಕಾಲು ತೂರಿಸಿದಳು.

"ಎಲ್ಲಿಗೇ ಹೊರಟೆ? ಊಟ?" ಎಂದರು ಸೀತಮ್ಮ.

ಹರಿಣಿ ಬಾಗಿಲ ಚಿಲಕ ಹಿಡಿದು ನಿಂತಳು. ರಾಮಸರಣನ ಮುಂದೆ ನಿಂತು ಏನು ಹೇಳಬೇಕೆಂದು ಯೋಚಿಸಿದಳು. ಯಾವ ಗೇಟಿನೊಳಗೆ, ಯಾವ ಕ್ಲಾಸಿಗೆ, ಯಾರೆಂದು ಹೇಳಿಕೊಂಡು ಆ ಹುಡುಗನ ಕೈ ಹಿಡಿದು ಹೋಗಬೇಕು?

ಅವಳು ಚಪ್ಪಲಿಯಿಂದ ಕಾಲು ತೆಗೆದಳು. ವಾಪಸ್ ಬಂದು ಅಣ್ಣನ ತಟ್ಟೆಗೆ ಮಜ್ಜಿಗೆ ಹಾಕಿದಳು. ಅವನು ಸಾಕು ಎಂದು ಕೈ ಅಡ್ಡ ಹಿಡಿಯುವುದನ್ನೂ ಮರೆತು ಕೂತಿದ್ದ. ಮಜ್ಜಿಗೆ ತಟ್ಟೆಯ ಅಂಚು ದಾಟಿತು.